ಅರ್ಥಶಾಸ್ತ್ರ, ಪ್ರವಾಸೋದ್ಯಮ ವಿದ್ಯಾರ್ಥಿಗಳಿಗೆ ಅಡ್ವಾನ್ಸ್ಡ್ ಇಂಗ್ಲಿಷ್ ಕಲಿಸಲು ಯಾವ ವ್ಯಾಕರಣ ಪುಸ್ತಕ ಒಳ್ಳೆಯದು? ಎರಡು ಗುಂಪನ್ನೂ ಬೇರ್ಪಡಿಸಬೇಕೇ?

ಪುಸ್ತಕ ಬೇಡ, ಮೊದಲ ತಿಂಗಳಂತೂ ಬೇಡವೇ ಬೇಡ. ಬೇರ್ಪಡಿಸುವುದೂ ಬೇಡ. ಕೊನೆಯ ವರ್ಷದವರು, ಎರಡು ವಿಭಾಗ, ಒಂದೇ ಕೋಣೆ, ವಾರಕ್ಕೆ ಒಂದೂವರೆ ಗಂಟೆ, ಮೇಲೊಂದು "ಅಡ್ವಾನ್ಸ್ಡ್" ಎಂಬ ಹಣೆಪಟ್ಟಿ: ನನಗೂ ಇಂಥದ್ದೇ ಕ್ಲಾಸು ಗಂಟುಬಿದ್ದಿತ್ತು. ಪದಪಟ್ಟಿಯಿಂದ ಶುರುಮಾಡಿದೆ, ಅರ್ಧ ಸೆಮಿಸ್ಟರ್ ನೀರಿನಲ್ಲಿ ಹೋಮ. ಯಾಕೆ ಹಾಗಾಯಿತು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ವ್ಯಾಕರಣ ಪುಸ್ತಕದಿಂದ ಶುರುಮಾಡಿದರೂ ಆಗುವುದು ಅದೇ.

ಪಟ್ಟಿಯದೇನೂ ತಪ್ಪಿಲ್ಲ. ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ 570 ಪದಕುಟುಂಬಗಳಿವೆ (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಬಳಕೆಯ ಪ್ರಮಾಣ ನೋಡಿ ಅವನ್ನು 10 ಉಪಪಟ್ಟಿಗಳಾಗಿ ಹಂಚಲಾಗಿದೆ. ಅದಕ್ಕೆ ಆಧಾರವಾದ ಪಠ್ಯಗಳಲ್ಲಿ ವಾಣಿಜ್ಯಕ್ಕೇ ಒಂದು ವಿಭಾಗವಿತ್ತು. ಪ್ರತಿ ವಾರ ಒಂದಿಷ್ಟು ಪದ, ಮರುವಾರ ಕಿರುಪರೀಕ್ಷೆ. ಎಲ್ಲರಿಗೂ ಒಳ್ಳೆಯ ಅಂಕ. ಆಮೇಲೆ ಒಂದು ಅಂಕಿಅಂಶದ ಕೋಷ್ಟಕ ಕೊಟ್ಟು ವರದಿ ಬರೆಯಲು ಹೇಳಿದರೆ ಬಣ್ಣ ಬಯಲಾಗುತ್ತದೆ. ಹಣದುಬ್ಬರ ಶೇ. 8ರಿಂದ ಶೇ. 5ಕ್ಕೆ ಇಳಿದಿದೆ ಅನ್ನಿ. "ಪ್ರೈಸಸ್ ಫೆಲ್" ಎಂದು ಬರೆಯುತ್ತಾರೆ. ಬೆಲೆ ಇಳಿದಿಲ್ಲ, ಏರುವ ವೇಗ ತಗ್ಗಿದೆ. ನಿರುದ್ಯೋಗ ಶೇ. 4ರಿಂದ ಶೇ. 6ಕ್ಕೆ ಹೋದರೆ "ರೋಸ್ ಬೈ 2 ಪರ್ಸೆಂಟ್" ಅನ್ನುತ್ತಾರೆ. ಹೆಚ್ಚಿದ್ದು 2 ಪರ್ಸೆಂಟೇಜ್ ಪಾಯಿಂಟ್. ಪರ್ಸೆಂಟ್‌ನಲ್ಲೇ ಹೇಳುವುದಾದರೆ 50. ಇನ್ನು "ರೋಸ್ ಟು" ಬರಬೇಕಾದಲ್ಲಿ "ರೋಸ್ ಬೈ" ಬಂದರೆ ಇಡೀ ವಾಕ್ಯ ಸುಳ್ಳು. ಇದನ್ನೇ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಲೆಕ್ಕವಾಗಿ ಕೇಳಿದರೆ ಅವರು ಎಡವುವುದಿಲ್ಲ.

ಕಾರಣ ಇಷ್ಟೇ. ಪಟ್ಟಿ ಕೊಡುವುದು ಬಿಡಿ ಪದ. ಅದರಲ್ಲೂ ವಿಷಯದ ನಾಮಪದಗಳನ್ನು, ಇನ್‌ಫ್ಲೇಷನ್, ಡಿಮ್ಯಾಂಡ್, ಆಕ್ಯುಪೆನ್ಸಿ (ಕೋಣೆ ಭರ್ತಿ), ಲೀಕೇಜ್ (ಪ್ರವಾಸಿಗರ ಹಣ ಊರಲ್ಲಿ ನಿಲ್ಲದೆ ಹೊರಗೆ ಹರಿದುಹೋಗುವುದು) ಇಂಥವನ್ನು, ಅವರ ವಿಷಯದ ಅಧ್ಯಾಪಕರು ಆಗಲೇ ಕಲಿಸಿ ಮುಗಿಸಿರುತ್ತಾರೆ, ನಮಗಿಂತ ಚೆನ್ನಾಗಿ. ಆ ನಾಮಪದಕ್ಕೆ ಯಾವ ಕ್ರಿಯಾಪದ ಹೊಂದುತ್ತದೆ, ಅಂಕಿಯ ಮುಂದೆ ಯಾವ ಪ್ರಿಪೊಸಿಷನ್ ಬರಬೇಕು, ಪುರಾವೆ ನೋಡಿ ಮಾತನ್ನು ಎಷ್ಟು ಖಚಿತವಾಗಿ ಹೇಳಬಹುದು, ಇದನ್ನು ಕಲಿಸುವವರು ಮಾತ್ರ ಯಾರೂ ಇಲ್ಲ. ನಿಮ್ಮ ಕೆಲಸ ಅಲ್ಲಿದೆ. ವ್ಯಾಕರಣ ಪುಸ್ತಕವೂ ಪ್ರಿಪೊಸಿಷನ್ ಕಲಿಸುತ್ತದೆ, ಒಪ್ಪಿದೆ, ಆದರೆ ಅಂಕಿಗಳಿಂದ ದೂರ ಕೂರಿಸಿ ಕಲಿಸುತ್ತದೆ. ಖಾಲಿ ಜಾಗ ತುಂಬಿದವರೇ ಕೋಷ್ಟಕದ ಮುಂದೆ ಮತ್ತೆ ತಪ್ಪುತ್ತಾರೆ.

ಹಾಗಾಗಿ ಮೊದಲ ತರಗತಿಯಲ್ಲಿ ಪಾಠ ಮಾಡಬೇಡಿ. ಎಂಟು ಸಾಲು, ಮೂರು ಕಾಲಂನ ಒಂದು ಕೋಷ್ಟಕ ಕೊಡಿ. 20 ನಿಮಿಷ, 120 ಪದ, ಫೋನ್ ಚೀಲದೊಳಗೆ. ಮನೆಗೆ ತಂದು ತಪ್ಪುಗಳನ್ನು ಮೂರು ರಾಶಿ ಮಾಡಿ: ಅಂಕಿಯ ಅರ್ಥವೇ ಕೆಟ್ಟಿದ್ದು, ಪುರಾವೆಗಿಂತ ಮಾತು ಜೋರಾಗಿದ್ದು, ಬರೀ ವ್ಯಾಕರಣದ್ದು. ಮೂರನೆಯದೇ ದೊಡ್ಡ ರಾಶಿಯಾಗಿರುತ್ತದೆ. ಕೈ ತುರಿಸುತ್ತದೆ, ಆದರೂ ಅದನ್ನು ಕೊನೆಗಿಡಿ. ಆರ್ಟಿಕಲ್ ಬಿಟ್ಟುಹೋದ ವರದಿ ಓದುಗನ ದಾರಿ ತಪ್ಪಿಸುವುದಿಲ್ಲ, ಮೊದಲ ರಾಶಿಯದು ತಪ್ಪಿಸುತ್ತದೆ. ಅಂದಹಾಗೆ, ಭಾಷೆಯ ಮಟ್ಟವನ್ನು ಎ1ರಿಂದ ಸಿ2ವರೆಗೆ ಅಳೆಯುವ ಯುರೋಪಿನ ಸಿಇಎಫ್‌ಆರ್ ಅಳತೆಯಲ್ಲಿ ನಿಮ್ಮ "ಅಡ್ವಾನ್ಸ್ಡ್" ಕ್ಲಾಸಿನೊಳಗೆ ಮಧ್ಯಮದ ಬಿ1ರಿಂದ ಮೇಲಿನ ಸಿ1ವರೆಗೆ ಎಲ್ಲರೂ ಸಿಗುವ ಸಂಭವವೇ ಹೆಚ್ಚು. ಹಣೆಪಟ್ಟಿ ಟೈಮ್‌ಟೇಬಲ್ಲಿನದು, ಮಕ್ಕಳದ್ದಲ್ಲ.

ಈಗ ಬೇರ್ಪಡಿಸುವ ವಿಚಾರ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗ ಮಾತ್ರ ತರಗತಿಯಲ್ಲಿ ನಿಜವಾದ ಮಾತುಕತೆ ಹುಟ್ಟುತ್ತದೆ. ನಿಮಗೆ ಅದು ಪುಕ್ಕಟೆಯಾಗಿ ಸಿಕ್ಕಿದೆ. ಒಂದು ಹೋಟೆಲ್ ತೆಗೆದುಕೊಳ್ಳಿ: 100 ಕೋಣೆ, 80 ಭರ್ತಿ, ಸರಾಸರಿ ದರ 50. ಲಭ್ಯ ಕೋಣೆಯೊಂದರ ಆದಾಯ, ಅಂದರೆ ರೆವ್‌ಪಾರ್, 40. ದರವನ್ನು 45ಕ್ಕೆ ಇಳಿಸಿದಾಗ 90 ಕೋಣೆ ತುಂಬಿದವು ಅನ್ನಿ, ರೆವ್‌ಪಾರ್ 40.5. ಈ ಹಾಳೆಯನ್ನು ಜೋಡಿಗೊಂದರಂತೆ ಕೊಡಿ, ಜೋಡಿಯಲ್ಲಿ ಎರಡೂ ವಿಭಾಗದವರಿರಲಿ. ದರ ಶೇ. 10 ಇಳಿದು ಬೇಡಿಕೆ ಶೇ. 12.5 ಏರಿದೆ, ಹಾಗಾಗಿ ಬೇಡಿಕೆ ಇಲಾಸ್ಟಿಕ್ (ದರ ಬದಲಾದದ್ದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಬದಲಾಗುವಂಥದ್ದು), ದರ ಇಳಿಸಿದ್ದು ಸರಿ ಎಂದು ಅರ್ಥಶಾಸ್ತ್ರದವರು ವಾದ ಹೂಡುತ್ತಾರೆ. ಹೆಚ್ಚುವರಿ ಹತ್ತು ಕೋಣೆಯನ್ನು ಗುಡಿಸಿ ಒರೆಸಿ ಹಾಸಿಗೆ ಬದಲಿಸುವ ಖರ್ಚು ಯಾರು ಕೊಡುತ್ತಾರೆ ಎಂದು ಪ್ರವಾಸೋದ್ಯಮದವರು ಕೇಳುತ್ತಾರೆ. 15 ನಿಮಿಷ ಇಂಗ್ಲಿಷಿನಲ್ಲೇ ಜಗಳವಾಡಲಿ. ಆಮೇಲೆ ಪ್ರತಿಯೊಬ್ಬರೂ ಎದುರಿನವರ ವಾದವನ್ನು, ಅವರ ಪಾರಿಭಾಷಿಕ ಪದ ಬಳಸದೆ, ನಾಲ್ಕು ವಾಕ್ಯದಲ್ಲಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದನ್ನೇ" ಎಂದು ಒಪ್ಪಿದ ಮೇಲೆ ಇಬ್ಬರೂ ಸೇರಿ ಮ್ಯಾನೇಜರಿಗೆ 150 ಪದದ ಟಿಪ್ಪಣಿ ಬರೆಯಲಿ. ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದನ್ನು ಮೀಡಿಯೇಷನ್ ಎನ್ನುತ್ತಾರೆ. 2020ರ ಸಿಇಎಫ್‌ಆರ್ ಪೂರಕ ಸಂಪುಟ ಇದಕ್ಕೆ ವಿವರವಾದ ಮಾನದಂಡಗಳನ್ನೇ ಕೊಟ್ಟಿದೆ. ವಿಭಾಗದವರು ಆಕ್ಷೇಪಿಸಿದರೆ ಅದನ್ನು ತೋರಿಸಿ.

ಎರಡನೇ ರಾಶಿಗೆ, ಅಂದರೆ ಜೋರು ಮಾತಿಗೆ, ರಿಚರ್ಡ್ ಬಟ್ಲರ್ 1980ರಲ್ಲಿ ಮಂಡಿಸಿದ ಪ್ರವಾಸಿ ತಾಣದ ಜೀವನಚಕ್ರ ಒಳ್ಳೆಯ ಸಾಮಗ್ರಿ. ಪತ್ತೆಯಿಂದ ಹಿಡಿದು ಬೆಳವಣಿಗೆ, ಸ್ತಬ್ಧತೆ, ಆಮೇಲೆ ಕುಸಿತ ಅಥವಾ ಪುನಶ್ಚೇತನ. ತಾಣವೊಂದರ ಹತ್ತು ವರ್ಷದ ಪ್ರವಾಸಿಗರ ಸಂಖ್ಯೆ ಕೊಟ್ಟು, ಅದು ಯಾವ ಹಂತದಲ್ಲಿದೆ ಎಂದು ಬರೆಸಿ. "ವಿಲ್ ಡಿಕ್ಲೈನ್" ಎಂದು ಬರೆದವರನ್ನು ಇದಕ್ಕೆ ಯಾವ ಸಾಲು ಸಾಕ್ಷಿ ಎಂದು ಕೇಳಿ. "ಮೇ", "ಇಸ್ ಲೈಕ್ಲಿ ಟು", "ಸಜೆಸ್ಟ್ಸ್" ಆಗ ತಾವಾಗಿ ಬೇಕೆನಿಸುತ್ತವೆ. ಮುಂದಿನ ವಾರ ಉಲ್ಟಾ ರೋಗ ಶುರುವಾಗುತ್ತದೆ, "ಮೇ ಪಾಸಿಬ್ಲಿ ಪರ್‌ಹ್ಯಾಪ್ಸ್" ಥರದ್ದು. ಒಂದು ವಾಕ್ಯಕ್ಕೆ ಒಂದೇ ಅಳುಕು ಎಂದು ನಿಯಮ ಹಾಕಿ.

ಪ್ರವಾಸೋದ್ಯಮದವರಿಗೆ ಮಾತಿನ ಧಾಟಿಯ ಅಭ್ಯಾಸವೂ ಬೇಕು. "ವುಡ್ ಯು ಮೈಂಡ್ ವೇಟಿಂಗ್?" ಎಂದು ಕೇಳಿದಾಗ ಅತಿಥಿ "ಯೆಸ್" ಎಂದರೆ ಕಾಯಲು ಒಪ್ಪಿದ್ದೋ ಒಲ್ಲದ್ದೋ? ಇಂಗ್ಲಿಷ್ ಎರಡನೇ ಭಾಷೆಯಾಗಿರುವ ಅತಿಥಿಯ ಜೊತೆ "ಕುಡ್ ಯು ವೇಟ್ ಫೈವ್ ಮಿನಿಟ್ಸ್, ಪ್ಲೀಸ್?" ಎನ್ನುವುದೇ ಕ್ಷೇಮ. ಇಂಥ ಕಡೆ ಸರಳವಾಗಿ ಹೇಳುವುದೇ ಅಡ್ವಾನ್ಸ್ಡ್. ದೂರಿಗೆ ಉತ್ತರ ಬರೆಸುವಾಗ "ಎನಿ ಇನ್‌ಕನ್ವೀನಿಯೆನ್ಸ್" ಎಂಬ ಸಿದ್ಧವಾಕ್ಯವನ್ನು ನಿಷೇಧಿಸಿ. ಯಾವ ರಾತ್ರಿ, ಯಾವ ತೊಂದರೆ, ಏನು ಮಾಡಿದೆವು ಎಂಬುದು ಮೊದಲ ಮೂರು ವಾಕ್ಯದಲ್ಲೇ ಬರಬೇಕು. ವಿಚಾರಣೆ ಮುಗಿಯುವ ಮೊದಲೇ ತಪ್ಪು ನಮ್ಮದೇ ಎಂದು ಬರೆದುಕೊಡಬಾರದು ಎನ್ನುವುದನ್ನೂ ಹೇಳಿ.

ಓದಲು ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿ) ವರ್ಲ್ಡ್ ಎಕನಾಮಿಕ್ ಔಟ್‌ಲುಕ್ ವರದಿ ಸಾಕು, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬರುತ್ತದೆ, ಮುನ್ನುಡಿ ಸಾರಾಂಶಗಳಷ್ಟೇ ಓದಿಸಿ. ಕೇಳಿಸಲು ಕೇಂದ್ರ ಬ್ಯಾಂಕಿನ ಪತ್ರಿಕಾಗೋಷ್ಠಿಯ ಮೂರು ನಿಮಿಷ: ಮೊದಲ ಸಲ ಪೆನ್ ಕೆಳಗೆ, ಎರಡನೇ ಸಲ ಅಂಕಿ ಮಾತ್ರ, ಮೂರನೇ ಸಲ ಅಳುಕಿನ ಪದ ಮಾತ್ರ.

ತಿದ್ದುವುದು ನಿಮ್ಮನ್ನು ಹಣ್ಣುಮಾಡುವ ಭಾಗ. 40 ಜನರಿದ್ದು, ತಲೆಗೆ ಐದು ನಿಮಿಷವೆಂದರೂ 3 ಗಂಟೆ 20 ನಿಮಿಷ. ಎಲ್ಲ ತಪ್ಪಿಗೂ ಕೆಂಪು ಗೀಟು ಎಳೆಯುತ್ತ ಕೂತರೆ ಅದು ಇಮ್ಮಡಿ, ವಿದ್ಯಾರ್ಥಿ ನೋಡುವುದು ಕೊನೆಯ ಅಂಕವನ್ನಷ್ಟೇ. ಹಾಳೆಯೊಂದಕ್ಕೆ ಎರಡೇ ಬಗೆಯ ತಪ್ಪು ಗುರುತಿಸಿ, ಸರಿಯುತ್ತರ ಬರೆಯಬೇಡಿ, ತಿದ್ದಿ ಬರೆಯಲು ಹೇಳಿ. ಮೊದಲ ಕರಡಿಗೆ 40, ತಿದ್ದಿದ್ದಕ್ಕೆ 60 ಅಂಕ. ಈ ಹಂಚಿಕೆಯಿಲ್ಲದಿದ್ದರೆ ಎರಡನೇ ಕರಡು ಬರುವುದೇ ಇಲ್ಲ.

ಸಿಲಬಸ್‌ನಲ್ಲಿ ವ್ಯಾಕರಣಕ್ಕೆಂದೇ ಅಂಕ ಮೀಸಲಿದ್ದರೆ ವಾದಿಸುತ್ತ ಕೂರಬೇಡಿ. ಪ್ರಶ್ನೆಗಳನ್ನು ಇದೇ ಕೋಷ್ಟಕಗಳಿಂದ ತೆಗೆಯಿರಿ: ಪ್ಯಾಸಿವ್, ಕಂಡೀಷನಲ್, ಟೆನ್ಸ್ ಎಲ್ಲಕ್ಕೂ ಆ ಹೋಟೆಲಿನ ನೂರು ಕೋಣೆಗಳಲ್ಲಿ ಜಾಗವಿದೆ.