"ನನ್ಗೆ ಹೇಳ್ಬೇಡಿ, ಮಗನಿಗೆ ಹೇಳಿ"

(ಹೆಸರು, ಊರು ಬದಲಿಸಿದೆ.)

ಶಿವಣ್ಣನವರಿಗೆ 56. ತಿಪಟೂರು ಕಡೆ ದಿನಸಿ ಅಂಗಡಿ. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ ಕೀಮೋ ನಡೆಯುತ್ತಿತ್ತು. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆತಂದದ್ದು ಮಗ. "ಅಪ್ಪ ರಿಪೋರ್ಟ್ ಮುಟ್ಟೋದೇ ಇಲ್ಲ ಮೇಡಂ. ಡಾಕ್ಟರು ಮಾತು ಶುರು ಮಾಡಿದ್ರೆ ಟೀ ಕುಡಿದು ಬರ್ತೀನಿ ಅಂತ ಎದ್ದು ಹೋಗ್ತಾರೆ."

ಮಗನನ್ನು ಹೊರಗೆ ಕೂರಿಸಿ ಶಿವಣ್ಣನವರನ್ನು ಮಾತಿಗೆಳೆದೆ. ಫೈಲು ಬಟ್ಟೆ ಅಂಗಡಿಯ ಕವರಿನಲ್ಲಿ ಬಿಗಿಯಾಗಿ ಸುತ್ತಿತ್ತು. ಮುಂದಿನ ತಾರೀಖಿನ ಚೀಟಿ ಮಾತ್ರ ಶರ್ಟಿನ ಜೇಬಿನಲ್ಲಿ. ಕೀಮೋ ಒಂದು ಸಲವೂ ತಪ್ಪಿಸಿದವರಲ್ಲ. ಆದರೆ ಅಂಗಡಿಗೆ ಬಂದವರೆಲ್ಲ ಯಾರಿಗೆ ಹೀಗಾಯ್ತು, ಯಾರು ಎಷ್ಟು ದಿನ ಉಳಿದರು ಅಂತ ಹೇಳಿ ಹೋಗುತ್ತಿದ್ದರು. ಬಾಮೈದ ಲಕ್ಷ್ಮಣಫಲ ತಿಂದ್ರೆ ಕ್ಯಾನ್ಸರ್ ವಾಸಿಯಾಗುತ್ತೆ ಅಂತಾನೆ, ಮಗ ಅದು ಸುಳ್ಳು ಅಂತಾನೆ (ಮಗ ಹೇಳಿದ್ದೇ ಸರಿ). "ಗಲ್ಲಾ ಮೇಲೆ ಕೂತಾಗ್ಲಾದ್ರೂ ನಾನು ಅಂಗಡಿಯವನಾಗಿ ಇರ್ಬೇಡ್ವಾ?"

ಆಮೇಲೆ ತಾವೇ ಕೇಳಿದರು: "ಐದೇ ವರ್ಷ ಅಂತೆ, ಅಲ್ವಾ?" ಮಗ ಫೋನಿನಲ್ಲಿ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಅದು ಹಾಗಲ್ಲ, ಬಿಡಿಸಿ ಹೇಳಲಾ ಅಂದೆ. ಸ್ವಲ್ಪ ತಡೆದು "ಹೇಳಿ" ಅಂದರು. ಕಾಯಿಲೆ ಗೊತ್ತಾಗಿ ಐದು ವರ್ಷವಾದಾಗ ನೂರಕ್ಕೆ ಎಷ್ಟು ಜನ ಬದುಕಿದ್ದಾರೆ ಅನ್ನುವ ಲೆಕ್ಕ ಅದು. ಆಯಸ್ಸು ಅಷ್ಟೇ ಅಂತಲ್ಲ. ಆಮೇಲೂ ಬಾಳುವವರು ಬೇಕಾದಷ್ಟಿದ್ದಾರೆ. ನೂರಕ್ಕೆ ಎಷ್ಟು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನಗೆ ಗಾಬರಿಯಾದದ್ದು ಬೇರೆ ವಿಷಯಕ್ಕೆ. ಹಿಂದಿನ ಕೀಮೋ ಆದ ವಾರದೊಪ್ಪತ್ತಿನಲ್ಲಿ ಜ್ವರ ಬಂದರೆ ಮಾತ್ರೆ ನುಂಗಿ ಮಲಗಿದ್ದರು. ಕೀಮೋದಿಂದ ಬಿಳಿ ರಕ್ತಕಣ ಇಳಿದಾಗ ಸಣ್ಣ ಸೋಂಕೂ ಜೀವಕ್ಕೆ ಕುತ್ತು ತರಬಹುದು. ಹಾಗಾಗಿ ಖಡಾಖಂಡಿತವಾಗಿ ಹೇಳಿದೆ: ಜ್ವರ 100.4 ಡಿಗ್ರಿ ಮುಟ್ಟಿದರೆ ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ರಕ್ತ ಹೋದರೆ, ವಾಂತಿ ಭೇದಿ ನಿಲ್ಲದಿದ್ದರೆ ಕೂಡ. ಇಷ್ಟು ನಿಮಗೆ ಗೊತ್ತಿರಲೇಬೇಕು. ಸ್ಟೇಜು, ಪರ್ಸೆಂಟು ಮಗನ ಹತ್ತಿರ ಇರಲಿ. ಹೀಗೆ ಅಂತ ಡಾಕ್ಟರಿಗೂ ನೀವೇ ಹೇಳಿಬಿಡಿ.

"ಅಪ್ಪ ಸತ್ಯ ಎದುರಿಸ್ತಾ ಇಲ್ಲ" ಅನ್ನುವುದು ಮಗನ ದೂರು. ನನಗೆ ಹಾಗನ್ನಿಸಲಿಲ್ಲ. ಅಪಾಯ ಎದುರಾದಾಗ ಕೆಲವರು ಕೆದಕಿ ಕೆದಕಿ ತಿಳಿಯುತ್ತಾರೆ, ಕೆಲವರು ಮುಖ ತಿರುಗಿಸಿ ನೆಮ್ಮದಿ ಹುಡುಕುತ್ತಾರೆ. ಮನಶ್ಶಾಸ್ತ್ರಜ್ಞೆ ಸುಝೇನ್ ಮಿಲ್ಲರ್ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಈ ಮನೆಯಲ್ಲಿ ಎರಡೂ ಥರದವರಿದ್ದರು, ಅಷ್ಟೇ. ಅಪ್ಪನಿಗೆ ಕಾಯಿಲೆಯ ವಿಡಿಯೊ ಕಳಿಸುವುದು ನಿಲ್ಲಿಸು ಅಂತ ಮಗನಿಗೆ ಹೇಳಿದೆ. ಹಾಗಂತ ಅಪ್ಪನನ್ನು ಬಿಟ್ಟು ನೀನೇ ತೀರ್ಮಾನಿಸುವಂತಿಲ್ಲ. ಸ್ಕ್ಯಾನ್ ಆದಾಗ, ಚಿಕಿತ್ಸೆ ಬದಲಾಗುವಾಗ "ಈ ಸಲ ಕೇಳ್ತೀರಾ ಅಪ್ಪ?" ಅಂತ ಕೇಳು. ಇವತ್ತು ಬೇಡ ಅಂದವರು ನಾಳೆ ಬೇಕು ಅನ್ನಬಹುದು.

ಮುಂದಿನ ಸಲ ಬಂದಾಗ ಶಿವಣ್ಣ ಬ್ಲಡ್ ಕೌಂಟ್ ಎಷ್ಟಿದೆ ಅಂತ ಡಾಕ್ಟರನ್ನು ಕೇಳಿಕೊಂಡು ಬಂದಿದ್ದರು. ಸ್ಟೇಜು ಇನ್ನೂ ಕೇಳಿಲ್ಲ. ಮಗನಿಗೆ ರಾತ್ರಿ ನಿದ್ದೆ ಬರುತ್ತಿಲ್ಲವಂತೆ. ಈಗ ಅವನು ಒಬ್ಬನೇ ನನ್ನ ಹತ್ತಿರ ಬರುತ್ತಿದ್ದಾನೆ.