ವೆಲ್ಡಿಂಗ್ ಆದಮೇಲೆ ಫ್ರೇಮ್ ಯಾಕೆ ಓರೆಯಾಗುತ್ತೆ?

ಸ್ಕ್ವೇರ್ ಪೈಪ್ ಜೋಡಿಸಿ ಮೂಲೆಮಟ್ಟ ಇಟ್ಟಾಗ 90 ಡಿಗ್ರಿ ಸರಿ ಇರುತ್ತೆ, ವೆಲ್ಡಿಂಗ್ ಮುಗಿಸಿ ನೋಡಿದರೆ ಓರೆ, ತಪ್ಪು ಎಲ್ಲಿ ಅಂತ ಕೇಳಿದ್ದೀರಿ. ನಾನೂ ಇದನ್ನೇ ಮಾಡಿ ಕೆಟ್ಟವನು.

ಪುಣೆಯ ಚಿಂಚವಡದಲ್ಲಿ ನಮ್ಮ ಬಿಲ್ಡಿಂಗಿನ ಪಾರ್ಕಿಂಗೇ ನನ್ನ ವರ್ಕ್‌ಶಾಪ್. ಬಾಲ್ಕನಿಗೆ ಸೊಳ್ಳೆ ಜಾಳಿಗೆಯ ಬಾಗಿಲು ಮಾಡಲು ಹೋಗಿ, ಒಂದು ಮೂಲೆ ಪೂರ್ತಿ ವೆಲ್ಡ್, ಆಮೇಲೆ ಪಕ್ಕದ್ದು, ಹೀಗೇ ಸುತ್ತಿಕೊಂಡು ಬಂದೆ. ನಾಲ್ಕನೇ ಮೂಲೆಗೆ ಬರೋ ಹೊತ್ತಿಗೆ ನಾಣ್ಯ ತೂರುವಷ್ಟು ಸಂದು! ಭೋಸರಿಯ ಶೆಡ್ಡಿನಲ್ಲಿ ಫ್ಯಾಬ್ರಿಕೇಶನ್ ಮಾಡುವ ವಿಜಯಪುರ ಕಡೆಯ ಮಾಮಾ ನೋಡಿ, "ಗುಣ್ಯಾ ಸುಳ್ಳ ಹೇಳೂದಿಲ್ಲೋ ತಮ್ಮಾ, ವೆಲ್ಡ್ ಆದಮ್ಯಾಲ ನೀ ಅದನ್ನ ಕೇಳಿಯೇನು?" ಅಂದರು. (ಇಲ್ಲಿ ಮೂಲೆಮಟ್ಟಕ್ಕೆ ಗುಣ್ಯಾ ಅಂತಾರೆ.)

ಕರಗಿದ ಲೋಹ ಆರುವಾಗ ಕುಗ್ಗುತ್ತೆ, ಪೈಪನ್ನೂ ತನ್ನ ಕಡೆಗೆ ಎಳೆಯುತ್ತೆ. ಮೂಲೆಯ ಒಳಬದಿಗೆ ಹೊಡೆದರೆ ಕೋನ ಮುಚ್ಚಿಕೊಳ್ಳುತ್ತೆ, ಹೊರಬದಿಗೆ ಹೊಡೆದರೆ ತೆರೆದುಕೊಳ್ಳುತ್ತೆ. ಈ ಎಳೆತ ತಡೆಯೋದು ಮೂಲೆ ಹಿಡಿದಿಡಲು ಇಡುವ ಮ್ಯಾಗ್ನೆಟ್ಟಿನ ಕೈಲಾಗದು. ಕ್ಲ್ಯಾಂಪ್ ಹಾಕಿ.

ಮೊದಲು ನಾಲ್ಕೂ ಮೂಲೆಗೆ ಕಡಲೆಕಾಳಿನಷ್ಟು ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚಿಕ್ಕ ವೆಲ್ಡ್) ಮಾತ್ರ. ಈಗ ಮೂಲೆಮಟ್ಟ ಬದಿಗಿಟ್ಟು ಟೇಪ್ ತಗೊಳ್ಳಿ, ಎರಡೂ ಕರ್ಣ ಅಳೆಯಿರಿ. 600 ಮತ್ತು 800 ಮಿ.ಮೀ. ಫ್ರೇಮಿಗೆ ಎರಡೂ 1000 ಬರಬೇಕು. ಎರಡರ ನಡುವೆ 4 ಮಿ.ಮೀ. ವ್ಯತ್ಯಾಸ ಬಂದರೆ 800ರ ಬದಿ 3 ಮಿ.ಮೀ.ಗಿಂತ ಹೆಚ್ಚು ವಾಲಿದೆ ಅಂತ ಅರ್ಥ. ಬಾಗಿಲಾದರೆ ಚೌಕಟ್ಟಿಗೆ ಉಜ್ಜೋದು ಖಂಡಿತ. ಉದ್ದ ಬಂದ ಕರ್ಣದ ಒಂದು ಮೂಲೆಯನ್ನು ಮರದ ತುಂಡಿನ ಮೇಲೆ ನಿಲ್ಲಿಸಿ, ಎದುರು ಮೂಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟ್ಯಾಕ್ ಇರುವಾಗ ಇದು ಸುಲಭ. ಸಮ ಬಂದಮೇಲೆ ಅಡ್ಡಲಾಗಿ ಒಂದು ಗುಜರಿ ಪಟ್ಟಿ ಟ್ಯಾಕ್ ಮಾಡಿ, ಕೊನೆಗೆ ಗ್ರೈಂಡರಿನಿಂದ ತೆಗೆದರಾಯ್ತು.

ಆಮೇಲೆ ಪೂರ್ತಿ ವೆಲ್ಡ್: ಒಂದು ಮೂಲೆಯಲ್ಲಿ ಒಂದು ಕಡೆಯ ಬೆಸುಗೆ ಮಾತ್ರ, ನಂತರ ಕರ್ಣದ ಎದುರು ಮೂಲೆ, ಮಗುಚಿ ಹಾಕಿ ಮತ್ತೆ ಹಾಗೇ. ಒಂದೇ ಮುಖಕ್ಕೆ ಎಲ್ಲಾ ಹೊಡೆದು ಮುಗಿಸಿದರೆ ಫ್ರೇಮ್ ಹಪ್ಪಳದ ಹಾಗೆ ಏಳುತ್ತೆ. ನಡುನಡುವೆ ಟೇಪ್ ಹಿಡಿಯೋದಕ್ಕೆ ಬೇಸರಪಡಬೇಡಿ.

ಟೇಪೂ ಮೋಸ ಮಾಡುತ್ತೆ. ಎದುರುಬದುರು ಪೈಪುಗಳ ಉದ್ದ ಬೇರೆ ಇದ್ದರೆ, ಕರ್ಣ ಸಮ ಬಂದರೂ ಆಕಾರ ಬುಟ್ಟಿಯ ಹಾಗೆ ಒಂದು ಕಡೆ ಅಗಲ. ಕತ್ತರಿಸಿದ ಜೋಡಿಯನ್ನು ಒಟ್ಟಿಗೆ ನಿಲ್ಲಿಸಿ ಬೆರಳಾಡಿಸಿ ನೋಡಿ. ಇನ್ನೊಂದು ನೆಲ. ಪಾರ್ಕಿಂಗ್ ನೆಲಕ್ಕೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ತಗ್ಗುದಿಣ್ಣೆಯೂ ಇರುತ್ತೆ, ಅದನ್ನೇ ನಂಬಿದ ಫ್ರೇಮ್ ತಿರುಚಿಕೊಳ್ಳುತ್ತೆ. ನಾನೀಗ ಎರಡು ನೆಟ್ಟನೆ ಕಬ್ಬಿಣದ ಚಾನೆಲ್ ಹಾಸಿ, ರಸಮಟ್ಟ ಇಟ್ಟು, ಕೆಳಗೆ ತಗಡಿನ ಚೂರು ತುರುಕುತ್ತೇನೆ. ತಿರುಚು ಇದೆಯಾ ಅಂತ ನೋಡಲು ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿದರೆ ನಡುವೆ ಒಂದಕ್ಕೊಂದು ತಾಗಿಯೂ ತಾಗದಂತಿರಬೇಕು.

ನಿಮ್ಮದು ಈಗಾಗಲೇ ಪೂರ್ತಿ ವೆಲ್ಡ್ ಆಗಿದ್ದರೆ ಹೊಡೆದು ನೇರ ಮಾಡಲು ಹೋಗಬೇಡಿ, ಪೈಪ್ ನೆಗ್ಗುತ್ತೆ. ಕೆಟ್ಟ ಮೂಲೆಗಳನ್ನು ಗ್ರೈಂಡ್ ಮಾಡಿ ಬಿಚ್ಚಿ, ಟ್ಯಾಕಿನಿಂದ ಮತ್ತೆ ಶುರು ಮಾಡಿ.