ಎದೆಯ ಮೇಲಿನ ಅಕ್ಷರ, ಎದೆಯೊಳಗಿನ ಗಾಯ

ಪ್ರಶ್ನೆ: ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ನಲ್ಲಿ ಊರೆಲ್ಲ ಛೀ ಅಂದ ಹೆಸ್ಟರ್ ಗಟ್ಟಿಯಾಗ್ತಾಳ, ಊರೇ ಕೈಮುಗಿಯುವ ಪಾದ್ರಿ ಡಿಮ್ಸ್‌ಡೇಲ್ ಸೊರಗ್ತಾನ. ಯಾಕ್ರೀ? ಪರೀಕ್ಷೆಯೊಳಗ ಹ್ಯಾಂಗ ಬರೀಬೇಕು?
– ಬಿ.ಎ. ವಿದ್ಯಾರ್ಥಿನಿ, ಜಮಖಂಡಿ

ಉತ್ತರ: 1850ರ ಈ ಕಾದಂಬರಿಯಲ್ಲಿ ವ್ಯಭಿಚಾರದ (ಅಡಲ್ಟರಿ) ಗುರುತಾಗಿ ಹೆಸ್ಟರ್ ಎದೆಯ ಮೇಲೆ ಕೆಂಪು ‘ಎ’ ಅಕ್ಷರ ಧರಿಸಬೇಕು; ಅವಳ ಕೂಸಿನ ತಂದೆ ಡಿಮ್ಸ್‌ಡೇಲ್ ಎಂಬುದು ಊರಿಗೆ ಗೊತ್ತಿಲ್ಲ. ಕಾದಂಬರಿಯ ಕೀಲಿ, ತಪ್ಪಿತಸ್ಥರನ್ನು ಜನರೆದುರು ನಿಲ್ಲಿಸುವ ಶಿಕ್ಷೆಯ ಕಟ್ಟೆಯಲ್ಲಿದೆ. ಅದು ಮೂರು ಸಲ ಬರುತ್ತದೆ: ಅಧ್ಯಾಯ 2–3, 12 ಮತ್ತು 23. ಮೊದಲ ಸಲ ಹೆಸ್ಟರ್ ಹಾಡಹಗಲೇ ಕೂಸನ್ನು ಎತ್ತಿಕೊಂಡು ನಿಲ್ಲುತ್ತಾಳೆ. ತನ್ನ ಪಾಪವನ್ನು ಮುಚ್ಚಿಡುವ ಪ್ರಶ್ನೆಯೇ ಉಳಿಯದ್ದರಿಂದ ಹೊಲಿಗೆ ಮಾಡಿ, ರೋಗಿಗಳ ಆರೈಕೆ ಮಾಡಿ ಬದುಕು ಕಟ್ಟಿಕೊಳ್ಳುತ್ತಾಳೆ. 13ನೇ ಅಧ್ಯಾಯದ ಹೊತ್ತಿಗೆ ಕೆಲವರು ‘ಎ’ ಎಂದರೆ ‘ಏಬಲ್’ (ಸಮರ್ಥೆ) ಎನ್ನತೊಡಗುತ್ತಾರೆ.

ಪಾದ್ರಿಯದು ಉಲ್ಟಾ. 11ನೇ ಅಧ್ಯಾಯ ತಪ್ಪದೇ ಓದಿ. ಇಡೀ ಪುಸ್ತಕದ ಅತಿ ಕ್ರೂರ ವ್ಯಂಗ್ಯ ಅಲ್ಲಿದೆ. ‘ನಾನು ಪಾಪಿ’ ಎಂದು ಧರ್ಮಪೀಠದಿಂದ ಹೇಳಿದಷ್ಟೂ ಜನ ಅದನ್ನು ವಿನಯವೆಂದು ತಿಳಿದು ಇನ್ನಷ್ಟು ಪೂಜಿಸುತ್ತಾರೆ. ಯಾವ ಪಾಪವೆಂದು ಹೇಳದ ತಪ್ಪೊಪ್ಪಿಗೆಯೂ ಸುಳ್ಳೇ. 12ರಲ್ಲಿ ಕಟ್ಟೆ ಹತ್ತುತ್ತಾನೆ, ಆದರೆ ನಡುರಾತ್ರಿ.

ಹಲವರು ಎಡವುವುದು ಇಲ್ಲೇ: ಹೆಸ್ಟರ್ ಪಶ್ಚಾತ್ತಾಪಪಟ್ಟು ಗೆದ್ದಳು ಎಂದು ಬರೆದುಬಿಡುತ್ತಾರೆ. 17–18ನೇ ಅಧ್ಯಾಯಗಳಲ್ಲಿ ಕಾಡಿನಲ್ಲಿ ಆ ಅಕ್ಷರವನ್ನೇ ಕಿತ್ತೆಸೆದು, ಓಡಿಹೋಗೋಣ ಎನ್ನುವವಳು ಅವಳೇ!